ಕಚ್ಚುಬಲ ಮತ್ತು ಹಿರಿಯ ಮಹಿಳೆಯರ ಮೈಮನಸ್ಸಿನ ಶಕ್ತಿ

ಮೇಲಿನ ಮತ್ತು ಕೆಳಗಿನ ಹಲ್ಲುಸಾಲುಗಳು ಒಂದನ್ನೊಂದು ಒತ್ತಿದಾಗ ಅವುಗಳ ನಡುವೆ ಉಂಟಾಗುವ ಬಲಕ್ಕೆ ಕಚ್ಚುಬಲ ಎಂದು ಹೆಸರು. ಇದನ್ನು ನ್ಯೂಟನ್ ಮಾನದಲ್ಲಿ ಅಳೆಯುತ್ತಾರೆ. ಒಂದು ಕಿಲೋ ತೂಕ ಹೇರಿದಾಗಿನ ಬಲ ಸುಮಾರು 10 ನ್ಯೂಟನ್. ‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆ ಹಲ್ಲನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಕಡಲೆ ಪುಡಿಯಾಗಲು ಹಲ್ಲು ಇದ್ದರೆ ಸಾಲದು. ಮೇಲೆ ಕೆಳಗೆ ಹೊಂದಿ ಕೂಡುವ ಹಲ್ಲುಗಳ ಜೋಡಿ ಬೇಕು, ಅವನ್ನು ಹಿಡಿದಿಡುವ ಗಟ್ಟಿ ಮೂಳೆ ಬೇಕು, ದವಡೆಯನ್ನು ಎತ್ತುವ ಸ್ನಾಯು ಬೇಕು, ಆ ಸ್ನಾಯುವಿಗೆ ಅಪ್ಪಣೆ ಕೊಡುವ ನರ ಮತ್ತು ಮಿದುಳು ಬೇಕು. ಈ ನಾಲ್ಕರ ಸ್ಥಿತಿಯನ್ನೂ ಒಂದೇ ಸಂಖ್ಯೆಯಲ್ಲಿ ಹೇಳುವುದರಿಂದ ಕಚ್ಚುಬಲವು ದಂತವೈದ್ಯದ ಮಿತಿ ದಾಟಿ ಮುಪ್ಪಿನ ವಿಜ್ಞಾನದ ವಿಷಯವೂ ಆಗಿದೆ. ಬಲವಾಗಿ ಕಚ್ಚಬಲ್ಲ ಹಿರಿಯರಲ್ಲಿ ಕೈಯ ಹಿಡಿತ, ನಡಿಗೆ, ನೆನಪು ಇವೂ ಸರಾಸರಿಯಲ್ಲಿ ಉತ್ತಮವಾಗಿರುವುದನ್ನು ಹಲವು ದೇಶಗಳ ಅಧ್ಯಯನಗಳು ಕಂಡಿವೆ. ಈ ವಿಷಯ ಮಹಿಳೆಯರಿಗೆ ಹೆಚ್ಚು ತಟ್ಟುತ್ತದೆ. ಗಂಡಸರಿಗಿಂತ ಕಡಿಮೆ ಬಲದಿಂದ ಹೊರಟು, ಅವರಿಗಿಂತ ಹೆಚ್ಚು ವರ್ಷ ಬದುಕುವವರು ಅವರೇ.

ದವಡೆಯ ರಚನೆ

ದವಡೆಯ ಮೂಲೆಗೆ, ಕಿವಿಯ ಕೆಳಭಾಗಕ್ಕೆ ತುಸು ಮುಂದೆ, ಎರಡು ಬೆರಳಿಟ್ಟು ಹಲ್ಲು ಕಚ್ಚಿದರೆ ಒಂದು ಗಡ್ಡೆ ಉಬ್ಬಿ ಬೆರಳನ್ನು ತಳ್ಳುತ್ತದೆ. ಅದು ಮ್ಯಾಸೆಟರ್ ಸ್ನಾಯು. ಕೆನ್ನೆಯ ಮೂಳೆಯಿಂದ ಕೆಳದವಡೆಯ ಮೂಲೆಗೆ ಇಳಿಯುತ್ತದೆ. ಹಣೆಯ ಪಕ್ಕದ ಕಣತಲೆಯಲ್ಲಿ ಬೆರಳಿಟ್ಟರೆ ಬೀಸಣಿಗೆಯಂತೆ ಹರಡಿಕೊಂಡ ಟೆಂಪೊರಾಲಿಸ್ ಸ್ನಾಯು ಅಲುಗುವುದು ತಿಳಿಯುತ್ತದೆ. ದವಡೆಯ ಒಳಬದಿಯ ಟೆರಿಗಾಯ್ಡ್ ಸ್ನಾಯುಗಳು ಬೆರಳಿಗೆ ಸಿಗವು. ಕಚ್ಚುವುದು, ಅರೆಯುವುದು, ದವಡೆಯನ್ನು ಪಕ್ಕಕ್ಕೆ ಜಾರಿಸುವುದು ಇವುಗಳ ಕೆಲಸ. ಇವೆಲ್ಲವನ್ನೂ ನಡೆಸುವುದು ಮಿದುಳಿನ ಐದನೆಯ ನರವಾದ ಟ್ರೈಜೆಮಿನಲ್ ನರದ ಕೆಳದವಡೆಯ ಕವಲು.

ಅಡಕತ್ತರಿ ಹಿಡಿದು ಬಲ್ಲವರಿಗೆ ಕಚ್ಚುವಿಕೆಯ ಯಾಂತ್ರಿಕತೆ ಬೇಗ ಅರ್ಥವಾಗುತ್ತದೆ. ಅಡಿಕೆಯನ್ನು ಕತ್ತರಿಯ ತುದಿಯಲ್ಲಿಟ್ಟರೆ ಅದು ಜಾರುತ್ತದೆ, ಕೀಲಿನ ಹತ್ತಿರ ತಳ್ಳಿದರೆ ಸಲೀಸಾಗಿ ಹೋಳಾಗುತ್ತದೆ. ದವಡೆಯ ಕೀಲು ಕಿವಿಯ ಮುಂದಿದೆ. ಅದಕ್ಕೆ ಹತ್ತಿರವಿರುವ ದವಡೆಹಲ್ಲುಗಳಲ್ಲಿ ಬಲ ಹೆಚ್ಚು, ದೂರದ ಬಾಚಿಹಲ್ಲುಗಳಲ್ಲಿ ಅದರ ಮೂರನೆಯ ಒಂದು ಪಾಲಿನಷ್ಟೋ ಇನ್ನೂ ಕಡಿಮೆಯೋ. ಆದ್ದರಿಂದಲೇ ಹಿಂದಿನ ಹಲ್ಲು ಹೋದರೆ ನಷ್ಟ ದೊಡ್ಡದು. ನಗುವಾಗ ಮುಂದಿನ ಹಲ್ಲು ಕಾಣುತ್ತವೆ, ಮನೆಯವರು ಅವನ್ನು ನೋಡಿ ‘ಅಮ್ಮನ ಹಲ್ಲು ಚೆನ್ನಾಗಿವೆ’ ಎಂದುಕೊಳ್ಳುತ್ತಾರೆ. ಅರೆಯುವ ಹಲ್ಲುಗಳು ಮಾತ್ರ ಒಂದೊಂದಾಗಿ ಸದ್ದಿಲ್ಲದೆ ಉದುರಿಹೋಗಿರುತ್ತವೆ.

ಹಲ್ಲಿನ ಬೇರನ್ನು ಮೂಳೆಗೆ ಕಟ್ಟಿಹಾಕುವ ನಾರಿನ ಪದರದಲ್ಲಿ ಸೂಕ್ಷ್ಮ ಸಂವೇದಕಗಳಿವೆ. ಅನ್ನದಲ್ಲಿ ಸಿಕ್ಕ ಮರಳಿನ ಹರಳನ್ನು, ಹಲ್ಲಿನ ನಡುವೆ ಬಂದ ಒಂದು ಕೂದಲನ್ನು ಬಾಯಿ ತಕ್ಷಣ ಗುರುತಿಸುವುದು ಇವುಗಳಿಂದ. ಈ ಸಂವೇದನೆಯ ಒಂದು ಭಾಗವನ್ನೂ ದವಡೆಯ ಸ್ನಾಯುಗಳ ಎಳೆತದ ಸುದ್ದಿಯನ್ನೂ ಹೊರುವ ನರಕೋಶಗಳು ಮಿದುಳಕಾಂಡದೊಳಗೇ ನೆಲೆಸಿವೆ. ದೇಹದ ಉಳಿದ ಭಾಗಗಳಲ್ಲಿ ಇಂಥ ಕೋಶಗಳು ಮಿದುಳು ಮತ್ತು ಬೆನ್ನುಹುರಿಯ ಹೊರಗಿನ ಗಂಟುಗಳಲ್ಲಿರುತ್ತವೆ. ಬಾಯಿಗೂ ಮಿದುಳಿಗೂ ಇರುವ ಈ ನೇರ ಸಂಪರ್ಕವೇ ಜಗಿತ ಮತ್ತು ಅರಿವಿನ ನಂಟನ್ನು ಹುಡುಕುವವರ ಕುತೂಹಲವನ್ನು ಕೆರಳಿಸಿದ್ದು.

ಅಳತೆಯ ಬಗೆಗಳು

17ನೆಯ ಶತಮಾನದ ಇಟಲಿಯ ವಿಜ್ಞಾನಿ ಜೊವಾನಿ ಅಲ್ಫೊನ್ಸೊ ಬೊರೆಲ್ಲಿ ದವಡೆಹಲ್ಲಿಗೆ ಹಗ್ಗ ಹಾಕಿ, ಅದಕ್ಕೆ ತೂಕ ತೂಗಿಬಿಟ್ಟು, ದವಡೆ ಎಷ್ಟನ್ನು ಎತ್ತಬಲ್ಲದೆಂದು ನೋಡಿದ. ಪ್ರಾಣಿಗಳ ಚಲನೆಯನ್ನು ಕುರಿತ ಅವನ ಗ್ರಂಥ ಅವನು ತೀರಿಕೊಂಡ ಮೇಲೆ, 1680–81ರಲ್ಲಿ ಅಚ್ಚಾಯಿತು. 19ನೆಯ ಶತಮಾನದ ಕೊನೆಗೆ ಅಮೆರಿಕದ ದಂತವೈದ್ಯ ಜಿ. ವಿ. ಬ್ಲ್ಯಾಕ್ ಸ್ಪ್ರಿಂಗ್ ಇರುವ ಕಚ್ಚುಮಾಪಕವನ್ನು ಬಳಸಿದರು. ಇಂದಿನ ಮಾಪಕಗಳಲ್ಲಿ ಒತ್ತಡವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಸಂವೇದಕಗಳಿವೆ. ಕೈಯಲ್ಲಿ ಹಿಡಿಯುವ ಉಪಕರಣದ ಚಪ್ಪಟೆ ತುದಿಯನ್ನು ದವಡೆಹಲ್ಲುಗಳ ನಡುವೆ ಇಟ್ಟು ಕಚ್ಚಿದರೆ ಪರದೆಯ ಮೇಲೆ ಸಂಖ್ಯೆ ಮೂಡುತ್ತದೆ.

ಜಪಾನಿನ ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಕೆಯಾದದ್ದು ಕುದುರೆಲಾಳದ ಆಕಾರದ ತೆಳು ಹಾಳೆ. ಕುರ್ಚಿಯಲ್ಲಿ ನೆಟ್ಟಗೆ ಕುಳಿತ ಹಿರಿಯರ ಬಾಯಿಯೊಳಗೆ ಅದನ್ನಿಟ್ಟು, ಮೂರು ಸೆಕೆಂಡು ಆದಷ್ಟು ಬಲವಾಗಿ ಕಚ್ಚಿಹಿಡಿಯಲು ಹೇಳುತ್ತಾರೆ. ಹಾಳೆಯೊಳಗಿನ ಬಣ್ಣದ ಸೂಕ್ಷ್ಮ ಗುಳ್ಳೆಗಳು ಒತ್ತಡ ಬಿದ್ದಲ್ಲಿ ಒಡೆದು ಕೆಂಪು ಚುಕ್ಕೆಗಳು ಮೂಡುತ್ತವೆ. ಹಲ್ಲು ಗಟ್ಟಿಯಿದ್ದವರ ಹಾಳೆಯ ಎರಡು ಬದಿಯಲ್ಲೂ ಕೆಂಪು ಒತ್ತಾಗಿ ಹರಡಿರುತ್ತದೆ. ಒಂದು ಬದಿಯ ದವಡೆಹಲ್ಲು ಕಳೆದುಕೊಂಡವರ ಹಾಳೆಯ ಆ ಬದಿ ಬರಿ ಬಿಳಿ. ಯಂತ್ರ ಈ ಚುಕ್ಕೆಗಳನ್ನು ಓದಿ ಒಟ್ಟು ಬಲವನ್ನು ಲೆಕ್ಕಹಾಕುತ್ತದೆ. ಹಾಳೆ ತೋರಿಸುವುದು ಇಡೀ ಹಲ್ಲುಸಾಲಿನ ಮೊತ್ತ, ಕೈಮಾಪಕ ತೋರಿಸುವುದು ಒಂದೇ ಜಾಗದ ಬಲ. ಹೀಗಾಗಿ ಎರಡು ಅಧ್ಯಯನಗಳ ಸಂಖ್ಯೆಗಳನ್ನು ಉಪಕರಣ ಯಾವುದೆಂದು ನೋಡದೆ ಪಕ್ಕಪಕ್ಕ ಇಡಬಾರದು.

ಕಚ್ಚುವ ಬಲ ಬೇರೆ, ಜಗಿದು ನುಣ್ಣಗೆ ಮಾಡುವ ಸಾಮರ್ಥ್ಯ ಬೇರೆ. ಎರಡನೆಯದನ್ನು ಅಳೆಯಲು ಸಿಹಿ ಜೆಲ್ಲಿಯ ತುಂಡನ್ನು 20 ಸೆಕೆಂಡು ಜಗಿಸಿ, ಬಾಯಿ ಮುಕ್ಕಳಿಸಿದ ನೀರಿಗೆ ಎಷ್ಟು ಗ್ಲೂಕೋಸ್ ಬಂತೆಂದು ನೋಡುತ್ತಾರೆ. ಜಗಿದಂತೆ ಹಸಿರಿನಿಂದ ಕೆಂಪಿಗೆ ತಿರುಗುವ ಗಮ್ ಇನ್ನೊಂದು ಸುಲಭ ವಿಧಾನ.

ಸಹಜ ಪ್ರಮಾಣ

ಆರೋಗ್ಯವಂತ ವಯಸ್ಕರು ಮೊದಲ ದವಡೆಹಲ್ಲಿನ ಜಾಗದಲ್ಲಿ ಸಾಮಾನ್ಯವಾಗಿ 300ರಿಂದ 700 ನ್ಯೂಟನ್‌ವರೆಗೆ ಒತ್ತಬಲ್ಲರು. ಮಹಿಳೆಯರ ಸರಾಸರಿ ಗಂಡಸರದಕ್ಕಿಂತ ಕಡಿಮೆ. ದಾಖಲಾದ ಅತಿ ಹೆಚ್ಚಿನ ಕಚ್ಚುಬಲ 1986ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಅಳೆದದ್ದು: ಸುಮಾರು ಎರಡು ಸೆಕೆಂಡುಗಳ ಕಾಲ 442 ಕಿಲೋ ತೂಕಕ್ಕೆ ಸಮನಾದ ಒತ್ತಡ. ದಿನನಿತ್ಯದ ಊಟಕ್ಕೆ ಇದರ ಅಗತ್ಯವಿಲ್ಲ. ಮೆತ್ತನೆಯ ಅನ್ನ, ಬೆಂದ ತರಕಾರಿ ಜಗಿಯಲು ಪೂರ್ಣ ಬಲದ ಸಣ್ಣ ಪಾಲು ಸಾಕು. ಇದರಿಂದಾಗಿ ನಷ್ಟ ಬಹುಕಾಲ ಗಮನಕ್ಕೇ ಬರುವುದಿಲ್ಲ. ಮೀಸಲು ಬಲ ಕರಗುತ್ತ ಹೋಗಿ, ಒಂದು ದಿನ ಕೊಡುಬಳೆ ಒಡೆಯದು, ಹುರಿಗಡಲೆ ಅರೆಯದು ಎಂದಾದಾಗಲೇ ಅದು ಅನುಭವಕ್ಕೆ ಬರುತ್ತದೆ.

ಎಲ್ಲ ಹಲ್ಲು ಹೋಗಿ ಪೂರ್ತಿ ಹಲ್ಲುಸೆಟ್ಟು ಹಾಕಿಸಿಕೊಂಡವರ ಕಚ್ಚುಬಲ ಸ್ವಂತ ಹಲ್ಲಿನವರ ಬಲದ ನಾಲ್ಕನೆಯ ಅಥವಾ ಐದನೆಯ ಒಂದು ಪಾಲಷ್ಟೇ. ಸೆಟ್ಟು ನಿಲ್ಲುವುದು ವಸಡಿನ ಮೇಲೆ. ಹೆಚ್ಚು ಒತ್ತಿದರೆ ವಸಡು ನೋಯುತ್ತದೆ, ಸೆಟ್ಟು ಜಾರುತ್ತದೆ. ಎಷ್ಟು ಒತ್ತಬೇಕೆಂದು ಹೇಳುತ್ತಿದ್ದ ಬೇರಿನ ಸಂವೇದಕಗಳು ಹಲ್ಲಿನೊಡನೆಯೇ ಹೋಗಿರುತ್ತವೆ.

ಮುಪ್ಪು, ಮುಟ್ಟು ನಿಲ್ಲುವುದು, ಬಾಯಿ

ವಯಸ್ಸಾದಂತೆ ಕಚ್ಚುಬಲ ಕುಂದಲು ದೊಡ್ಡ ಕಾರಣ ಹಲ್ಲುಗಳ ನಷ್ಟ. ಅದರ ಮೂಲ ಹುಳುಕು ಮತ್ತು ವಸಡಿನ ರೋಗ. ಎರಡನೆಯದು ಸ್ನಾಯುವಿನ ಸವೆತ. ಸ್ಕ್ಯಾನ್ ಚಿತ್ರಗಳಲ್ಲಿ ಮ್ಯಾಸೆಟರ್ ಸ್ನಾಯುವಿನ ಅಡ್ಡಕೊಯ್ತದ ವಿಸ್ತಾರ ವಯಸ್ಸಿನೊಂದಿಗೆ ಕುಗ್ಗುವುದು ಕಂಡಿದೆ. ಹಲ್ಲಿಲ್ಲದವರಲ್ಲಿ ಕುಗ್ಗುವಿಕೆ ಇನ್ನೂ ಹೆಚ್ಚು. ಕೆಲಸ ತಪ್ಪಿದ ಸ್ನಾಯು ಸೊರಗುವುದು ಸಹಜ. ಆದರೂ ದವಡೆಯ ಸ್ನಾಯು ಕೈಕಾಲಿನ ಸ್ನಾಯುವಿನ ಹಾಗೆಯೇ ಮುಪ್ಪಾಗುವುದಿಲ್ಲ. ಕೈಕಾಲುಗಳಲ್ಲಿ ವಯಸ್ಸಿನೊಡನೆ ವೇಗದ ಎಳೆಗಳ ಪಾಲು ಇಳಿದು ನಿಧಾನದ ಎಳೆಗಳ ಪಾಲು ಏರುತ್ತದೆ. ಮ್ಯಾಸೆಟರ್‌ನಲ್ಲಿ ಇದಕ್ಕೆ ವಿರುದ್ಧವಾದ ಬದಲಾವಣೆ ಕಂಡುಬಂದಿದೆ. ಕಚ್ಚುಬಲವನ್ನು ಇಡೀ ಮೈಯ ಬಲದ ಪಡಿಯಚ್ಚೆಂದು ತಿಳಿಯಬಾರದೆಂಬ ಎಚ್ಚರವನ್ನು ಈ ವ್ಯತ್ಯಾಸ ಕೊಡುತ್ತದೆ.

ಮಹಿಳೆಯರಲ್ಲಿ ಇನ್ನೂ ಕೆಲವು ಕಾರಣಗಳು ಸೇರಿಕೊಳ್ಳುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿದು ಮೂಳೆ ಸವೆಯುತ್ತದೆ. ಹಲ್ಲನ್ನು ಹಿಡಿದಿಟ್ಟ ದವಡೆಯ ಮೂಳೆಗೂ ಇದರ ಬಿಸಿ ತಟ್ಟುತ್ತದೆ. ಹಲ್ಲುಸೆಟ್ಟು ಕೂರಬೇಕಾದ ಏಣು ತಗ್ಗಿದರೆ ಸೆಟ್ಟು ಸಡಿಲ. ಜೊಲ್ಲು ಬತ್ತಿ ಬಾಯಿ ಒಣಗುವ ತೊಂದರೆಯೂ ಮಹಿಳೆಯರಲ್ಲಿ ಹೆಚ್ಚು. ಜೊಲ್ಲುಗ್ರಂಥಿಗಳನ್ನು ಕಾಡುವ ಶೋಗ್ರೆನ್ ರೋಗ ಬಹುಪಾಲು ಹೆಂಗಸರನ್ನೇ ಹಿಡಿಯುತ್ತದೆ. ಜೊಲ್ಲಿಲ್ಲದೆ ಹುಳುಕು ಬೇಗ ಹತ್ತುತ್ತದೆ, ಸೆಟ್ಟು ಅಂಟಿಕೊಳ್ಳುವುದಿಲ್ಲ. ದವಡೆಕೀಲಿನ ನೋವು ಕೂಡ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಮೂಳೆ ಸವೆತಕ್ಕೆ ಕೊಡುವ ಕೆಲವು ಔಷಧಗಳಿಂದ, ಅಪರೂಪವಾಗಿ, ಹಲ್ಲು ಕಿತ್ತ ಜಾಗದ ಮೂಳೆ ಮಾಯದೆ ಕೊಳೆಯುವುದುಂಟು. ಅಂಥ ಔಷಧ ಶುರುಮಾಡುವ ಮೊದಲೇ ದಂತವೈದ್ಯರಿಗೆ ಬಾಯಿ ತೋರಿಸಿ, ಆಗಬೇಕಾದ ಚಿಕಿತ್ಸೆ ಮುಗಿಸಿಕೊಳ್ಳುವುದು ಒಳ್ಳೆಯದು.

ತಟ್ಟೆಯಲ್ಲಾಗುವ ಬದಲಾವಣೆ

ಕಚ್ಚುಬಲ ಇಳಿದಾಗ ಮೊದಲು ಬದಲಾಗುವುದು ಊಟ. ಮದುವೆಯ ಪಂಕ್ತಿಯಲ್ಲಿ ಹಿರಿಯ ಹೆಂಗಸೊಬ್ಬರ ಎಲೆಯನ್ನು ನೋಡಿದರೆ ಇದು ತಿಳಿಯುತ್ತದೆ. ತುದಿಯಲ್ಲಿ ಬಡಿಸಿದ ಕೋಸಂಬರಿ ಹಾಗೇ ಇರುತ್ತದೆ, ಕಾಳುಪಲ್ಯವನ್ನು ಬೆರಳು ಬದಿಗೆ ಸರಿಸಿರುತ್ತದೆ, ಹಪ್ಪಳ ಸಾರಿನಲ್ಲಿ ನೆನೆದು ಮೆತ್ತಗಾಗುವವರೆಗೆ ಕಾಯುತ್ತದೆ. ಅನ್ನ, ಸಾರು, ಪಾಯಸ, ಮೊಸರು ಮಾತ್ರ ಖಾಲಿಯಾಗುತ್ತವೆ.

ಹಳೆ ಮೈಸೂರು ಸೀಮೆಯಲ್ಲಿ ಈ ನಷ್ಟ ಇನ್ನಷ್ಟು ಮರೆಯಾಗಿರುತ್ತದೆ. ರಾಗಿಮುದ್ದೆಯನ್ನು ಜಗಿಯುವುದಿಲ್ಲ, ಮುರಿದು, ಸಾರಿನಲ್ಲಿ ಅದ್ದಿ, ನುಂಗುತ್ತಾರೆ. ಬಾಯಲ್ಲಿ ಒಂದು ಹಲ್ಲಿಲ್ಲದ ಅಜ್ಜಿಯೂ ಮುದ್ದೆ ಉಂಡು ಎದ್ದಾಗ ‘ಊಟಕ್ಕೇನೂ ತೊಂದರೆಯಿಲ್ಲ’ ಎಂದೇ ಮನೆಯವರಿಗೆ ಅನ್ನಿಸುತ್ತದೆ. ಆದರೆ ಮುದ್ದೆಯ ಜೊತೆಗಿನ ಅವರೆಕಾಳು, ಹುರುಳಿಕಾಳು, ಮಾಂಸದ ತುಂಡು ತಟ್ಟೆಯಲ್ಲೇ ಉಳಿದರೆ ಪಿಷ್ಟ ಮೈಗೆ ಸೇರುತ್ತದೆ, ಪ್ರೋಟೀನು ಸೇರುವುದಿಲ್ಲ. ಹಸಿ ತರಕಾರಿ, ಸೀಬೆಹಣ್ಣು, ಕಡಲೆಕಾಯಿ ಬೀಜ ಇವೂ ದೂರವಾಗುತ್ತವೆ. ಮುಪ್ಪಿನಲ್ಲಿ ಸ್ನಾಯು ಉಳಿಸಿಕೊಳ್ಳಲು ಪ್ರೋಟೀನು ಹೆಚ್ಚು ಬೇಕಾದ ಕಾಲದಲ್ಲೇ ಅದು ಕಡಿಮೆಯಾಗುತ್ತದೆ. ಬಾಯಿಯ ಬಲಹೀನತೆ ಕೈಕಾಲಿಗೆ ಇಳಿಯುವ ಒಂದು ದಾರಿ ಇದು.

ಮೈಬಲದೊಡನೆ ನಂಟು

ಹಿರಿಯರ ಮೈಬಲವನ್ನು ಸುಲಭ ಪರೀಕ್ಷೆಗಳಿಂದ ಅಳೆಯುತ್ತಾರೆ: ಕೈಯ ಹಿಡಿತ, ಮಾಮೂಲಿ ನಡಿಗೆಯ ವೇಗ, ಒಂಟಿಕಾಲಲ್ಲಿ ನಿಲ್ಲುವ ಹೊತ್ತು, ಕೈಯೂರದೆ ಕುರ್ಚಿಯಿಂದ ಐದು ಸಲ ಏಳುವ ಹೊತ್ತು. ಏಷ್ಯಾದ ಸ್ನಾಯುಕ್ಷಯ ತಜ್ಞರ ತಂಡ 2019ರಲ್ಲಿ ಗೊತ್ತುಮಾಡಿದ ಮಿತಿಗಳ ಪ್ರಕಾರ ಮಹಿಳೆಯರಲ್ಲಿ ಹಿಡಿತ 18 ಕಿಲೋಗಿಂತ, ಗಂಡಸರಲ್ಲಿ 28 ಕಿಲೋಗಿಂತ ಕಡಿಮೆಯಿದ್ದರೆ ಬಲ ಕುಂದಿದೆ ಎಂದರ್ಥ. ನಡಿಗೆ ಸೆಕೆಂಡಿಗೆ 1 ಮೀಟರಿಗಿಂತ ನಿಧಾನವಾದರೆ, ಕುರ್ಚಿಯಿಂದ ಐದು ಸಲ ಏಳಲು 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಕ್ಷಮತೆ ಕುಂದಿದೆ ಎಂದರ್ಥ.

ಜಪಾನಿನ ಫುಕುವೋಕಾ ಪ್ರಾಂತದ 80 ವರ್ಷದವರ ಅಧ್ಯಯನವೊಂದರಲ್ಲಿ, ಜಗಿದು ತಿನ್ನಬಲ್ಲ ಪದಾರ್ಥಗಳ ಸಂಖ್ಯೆಗೂ ಕಾಲಿನ ಬಲ, ಒಂಟಿಕಾಲ ನಿಲುವು ಮುಂತಾದ ಅಳತೆಗಳಿಗೂ ನಂಟು ಕಂಡಿತು. ಚಿಬಾ ಪ್ರಾಂತದ ಕಾಶಿವಾ ನಗರದಲ್ಲಿ 65 ದಾಟಿದ 2,011 ಮಂದಿಯನ್ನು 2012ರಿಂದ ಗಮನಿಸಿದ ಅಧ್ಯಯನ ಇನ್ನೂ ಮುಂದೆ ಹೋಯಿತು. ಉಳಿದ ಹಲ್ಲು, ಜಗಿಯುವ ಸಾಮರ್ಥ್ಯ, ನಾಲಿಗೆಯ ಚುರುಕು, ನಾಲಿಗೆಯ ಒತ್ತಡ, ಗಟ್ಟಿ ಪದಾರ್ಥ ತಿನ್ನುವ ಕಷ್ಟ, ನುಂಗುವ ಕಷ್ಟ ಎಂಬ ಆರರಲ್ಲಿ ಮೂರು ಅಥವಾ ಹೆಚ್ಚು ಕೆಟ್ಟಿದ್ದವರಿಗೆ ಮುಂದಿನ ವರ್ಷಗಳಲ್ಲಿ ಮೈಯ ದುರ್ಬಲತೆ, ಸ್ನಾಯುಕ್ಷಯ, ಪರಾವಲಂಬನೆ, ಸಾವು ಈ ನಾಲ್ಕರ ಅಪಾಯವೂ ಎರಡು ಪಟ್ಟಿಗಿಂತ ಹೆಚ್ಚಿತ್ತು. 2018ರಲ್ಲಿ ಪ್ರಕಟವಾದ ಈ ಫಲಿತಾಂಶ ‘ಬಾಯಿಯ ದುರ್ಬಲತೆ’ ಎಂಬ ಪರಿಕಲ್ಪನೆಗೆ ಜಗತ್ತಿನ ಗಮನ ಸೆಳೆಯಿತು.

ಬೀಳುವುದಕ್ಕೂ ಬಾಯಿಗೂ ನಂಟಿದೆ. ಜಪಾನಿನ ಇನ್ನೊಂದು ಅಧ್ಯಯನದಲ್ಲಿ, 19 ಅಥವಾ ಕಡಿಮೆ ಹಲ್ಲಿದ್ದು ಹಲ್ಲುಸೆಟ್ಟನ್ನೂ ಹಾಕದವರು ಪದೇಪದೇ ಬೀಳುವ ಸಾಧ್ಯತೆ 20 ಅಥವಾ ಹೆಚ್ಚು ಹಲ್ಲಿದ್ದವರಿಗಿಂತ 2.5 ಪಟ್ಟು ಹೆಚ್ಚಿತ್ತು. ಅಷ್ಟೇ ಹಲ್ಲಿದ್ದು ಸೆಟ್ಟು ಹಾಕಿಕೊಳ್ಳುತ್ತಿದ್ದವರಲ್ಲಿ ಅಂಥ ಸ್ಪಷ್ಟ ಹೆಚ್ಚಳ ಕಾಣಲಿಲ್ಲ. ಮೂಳೆ ಸವೆದ ಮಹಿಳೆಗೆ ಒಂದು ಸಲ ಬಿದ್ದರೂ ಸೊಂಟದ ಕೀಲು ಮುರಿಯಬಹುದು, ಮುಂದಿನ ಬದುಕು ಹಾಸಿಗೆಗೆ ಸೀಮಿತವಾಗಬಹುದು. ಆದ್ದರಿಂದ ಈ ಸಂಖ್ಯೆ ಅವರ ವಿಷಯದಲ್ಲಿ ಹಗುರವಾದದ್ದಲ್ಲ.

ದವಡೆ ಬಿಗಿದರೆ ಕಾಲಿನ ನರಪ್ರತಿಕ್ರಿಯೆ ಚುರುಕಾಗುವುದನ್ನು ಪ್ರಯೋಗಗಳು ತೋರಿಸಿವೆ. ಮಂಡಿಯ ಮೇಲೆ ಪುಟ್ಟ ಸುತ್ತಿಗೆಯಿಂದ ತಟ್ಟುವಾಗ ಕಾಲು ಸರಿಯಾಗಿ ಎಗರದಿದ್ದರೆ ವೈದ್ಯರು ‘ಬೆರಳು ಹೆಣೆದು ಎಳೆಯಿರಿ, ಹಲ್ಲು ಕಚ್ಚಿ’ ಎನ್ನುವುದು ಇದನ್ನೇ ನಂಬಿ. ಭಾರ ಎತ್ತುವಾಗ ಅವಡುಗಚ್ಚುವುದು ನಮ್ಮೆಲ್ಲರ ಅಭ್ಯಾಸ. ಹಲ್ಲಿಗೆ ಹಲ್ಲು ಕೂಡದವರಿಗೆ ಈ ಆಸರೆ ತಪ್ಪುತ್ತದೆ. ದವಡೆಯಿಂದ ಸಮತೋಲದ ಕೇಂದ್ರಗಳಿಗೆ ಹೋಗುವ ಸುದ್ದಿಯೂ ಮಸುಕಾಗುತ್ತದೆ ಎಂಬುದು ಒಂದು ವಿವರಣೆ.

ಅರಿವು, ನೆನಪು, ಮನಸ್ಸು

ಗಮ್ ಜಗಿಯುತ್ತಿರುವವರ ಮಿದುಳನ್ನು ಸ್ಕ್ಯಾನ್ ಮಾಡಿದಾಗ ಬಾಯಿಯ ಚಲನೆ ಮತ್ತು ಸಂವೇದನೆಯ ಭಾಗಗಳಿಗೆ ರಕ್ತದ ಹರಿವು ಏರುವುದು ಕಾಣುತ್ತದೆ. ದವಡೆಹಲ್ಲು ತೆಗೆದ ಮುದಿ ಇಲಿಗಳು ನೀರಿನ ತೊಟ್ಟಿಯಲ್ಲಿ ಮುಳುಗಿದ ಮೆಟ್ಟಿಲನ್ನು ನೆನಪಿಟ್ಟು ಹುಡುಕುವುದರಲ್ಲಿ ಹಿಂದುಳಿದವು. ನೆನಪಿನ ನೆಲೆಯಾದ ಹಿಪೊಕ್ಯಾಂಪಸ್ ಭಾಗದಲ್ಲಿ ಅವುಗಳ ನರಕೋಶಗಳೂ ಕಡಿಮೆಯಾಗಿದ್ದವು. ಇಲಿಯಲ್ಲಿ ಕಂಡದ್ದನ್ನು ಮನುಷ್ಯರಿಗೆ ಹಾಗೆಯೇ ಹಚ್ಚಲಾಗದಿದ್ದರೂ ಹುಡುಕಾಟಕ್ಕೆ ಇದರಿಂದ ದಿಕ್ಕು ಸಿಕ್ಕಿತು.

ಮಹಿಳೆಯರ ಮಟ್ಟಿಗೆ ಅಮೆರಿಕದ ಸನ್ಯಾಸಿನಿಯರ ಅಧ್ಯಯನಕ್ಕೆ ವಿಶೇಷ ಬೆಲೆಯಿದೆ. 1986ರಲ್ಲಿ ಡೇವಿಡ್ ಸ್ನೋಡನ್ ಆರಂಭಿಸಿದ ಇದರಲ್ಲಿ ನೊಟ್ರ್ ಡೇಮ್ ಶಾಲಾ ಸೋದರಿಯರ ಸಂಘದ 678 ಸನ್ಯಾಸಿನಿಯರು ಸೇರಿದರು. ವರ್ಷವರ್ಷ ಅರಿವಿನ ಪರೀಕ್ಷೆಗೆ ಒಪ್ಪಿದರು, ತೀರಿಕೊಂಡ ಮೇಲೆ ಮಿದುಳನ್ನು ಸಂಶೋಧನೆಗೆ ಬಿಟ್ಟುಕೊಟ್ಟರು. ಒಂದೇ ಬಗೆಯ ವಸತಿ, ಊಟ, ವೈದ್ಯಕೀಯ ಆರೈಕೆ ಇದ್ದುದರಿಂದ ಬಡತನ–ಸಿರಿತನದ ಗೋಜಲು ಇಲ್ಲಿ ಕಡಿಮೆ. ಇವರಲ್ಲಿ ಮಿಲ್ವಾಕಿ ಪ್ರಾಂತದ, 75ರಿಂದ 98 ವಯಸ್ಸಿನ 144 ಮಂದಿಯ ದಂತದಾಖಲೆಗಳನ್ನು ನೋಡಿದಾಗ, 9 ಅಥವಾ ಕಡಿಮೆ ಹಲ್ಲಿದ್ದವರಿಗೆ ಮರೆಗುಳಿತನ ಬರುವ ಅಪಾಯ ಹೆಚ್ಚು ಹಲ್ಲಿದ್ದವರದಕ್ಕಿಂತ ಸುಮಾರು ಎರಡು ಪಟ್ಟು ಎಂದು 2007ರಲ್ಲಿ ವರದಿಯಾಯಿತು. ಇಲ್ಲಿ ಎಣಿಸಿದ್ದು ಹಲ್ಲನ್ನು, ಬಲವನ್ನಲ್ಲ.

ಬಲವನ್ನೇ ಅಳೆದದ್ದು ಒಸಾಕಾ ವಿಶ್ವವಿದ್ಯಾಲಯದ ತಂಡ ಪಾಲ್ಗೊಂಡ, 70, 80, 90ರ ಆಸುಪಾಸಿನವರನ್ನೂ ನೂರು ತಲುಪಿದವರನ್ನೂ ಒಳಗೊಂಡ ಅಧ್ಯಯನ. ಕಚ್ಚುಬಲ ಹೆಚ್ಚಿದ್ದವರು ಅರಿವಿನ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆಯುವ ಒಲವು ಅಲ್ಲಿ ಕಂಡಿತು. ಸ್ವೀಡನ್‌ನಲ್ಲಿ 77 ದಾಟಿದ 557 ಮಂದಿಯನ್ನು ಪರಿಶೀಲಿಸಿದಾಗ ಮತ್ತೊಂದು ಮುಖ್ಯ ಅಂಶ ಹೊರಬಂತು: ಸೇಬಿನಂಥ ಗಟ್ಟಿ ಪದಾರ್ಥ ಜಗಿಯಲು ಕಷ್ಟಪಡುವವರಲ್ಲಿ ಅರಿವಿನ ಕುಂದು ಹೆಚ್ಚು, ಅದು ಸ್ವಂತ ಹಲ್ಲಿರಲಿ, ಕಟ್ಟಿಸಿದ್ದಿರಲಿ. ಜಗಿಯಲು ಆಗುವುದೇ ಮುಖ್ಯ, ಹಲ್ಲು ಯಾವುದೆಂಬುದಲ್ಲ ಎಂದು ಇದು ಸೂಚಿಸುತ್ತದೆ.

ಎಲ್ಲ ಫಲಿತಾಂಶವೂ ಒಂದೇ ದಿಕ್ಕಿಗಿಲ್ಲ. ಕ್ಯಾಲಿಫೋರ್ನಿಯಾದ ನಿವೃತ್ತರ ಬಡಾವಣೆಯೊಂದರ 5,468 ಮಂದಿಯನ್ನು 18 ವರ್ಷ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಗಿಯಲು ಸಾಕಷ್ಟು ಹಲ್ಲಿಲ್ಲದೆ ಸೆಟ್ಟೂ ಇಲ್ಲದ ಗಂಡಸರಿಗೆ ಮರೆಗುಳಿತನದ ಅಪಾಯ 91 ಶೇಕಡಾ ಹೆಚ್ಚಿತ್ತು. ಮಹಿಳೆಯರಲ್ಲೂ ಏರಿಕೆ ಕಂಡಿತಾದರೂ ಅದು ಆಕಸ್ಮಿಕವಲ್ಲವೆಂದು ಹೇಳುವಷ್ಟು ಸ್ಪಷ್ಟವಿರಲಿಲ್ಲ. ಗಂಡಸರ ಫಲಿತಾಂಶವನ್ನು ಮಹಿಳೆಯರಿಗೆ ಹಾಗೆಯೇ ಅನ್ವಯಿಸದೆ ಅವರನ್ನೇ ಪ್ರತ್ಯೇಕವಾಗಿ ಅಧ್ಯಯನ ಮಾಡಬೇಕೆಂಬ ಮಾತಿಗೆ ಇದು ಸಾಕ್ಷಿ. ಅಮೆರಿಕದಲ್ಲೇ ಮುಟ್ಟು ನಿಂತ 57,001 ಮಹಿಳೆಯರನ್ನು ಗಮನಿಸಿ 2017ರಲ್ಲಿ ಪ್ರಕಟವಾದ ವರದಿ, ಎಲ್ಲ ಹಲ್ಲು ಕಳೆದುಕೊಂಡವರಲ್ಲಿ ಸಾವಿನ ಅಪಾಯ 17 ಶೇಕಡಾ ಹೆಚ್ಚೆಂದು ತೋರಿಸಿತು.

ಪರೀಕ್ಷೆಯ ಅಂಕಗಳಿಗೆ ಸಿಗದ ನಷ್ಟವೂ ಇದೆ. ಸೆಟ್ಟು ಜಾರೀತೆಂದು ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುವುದು, ನಾಲ್ಕು ಜನರೆದುರು ಉಣ್ಣಲು ಸಂಕೋಚಪಟ್ಟು ಸಮಾರಂಭಕ್ಕೆ ಹೋಗದಿರುವುದು, ಮಾತು ತೊದಲುತ್ತದೆಂದು ಫೋನಿನಲ್ಲೂ ಮಾತು ಕಡಿಮೆ ಮಾಡುವುದು ನಮ್ಮ ಮನೆಗಳಲ್ಲಿ ಕಾಣುವಂಥವೇ. ಒಂಟಿತನ ಮತ್ತು ಖಿನ್ನತೆ ಇಂಥ ಸಣ್ಣ ಹಿಂಜರಿಕೆಗಳಿಂದ ಬೆಳೆಯುತ್ತವೆ. ಇವೆರಡೂ ಮರೆಗುಳಿತನದ ಅಪಾಯವನ್ನು ಹೆಚ್ಚಿಸುವ ಅಂಶಗಳೆಂದು ತಜ್ಞರು ಒಪ್ಪಿದ್ದಾರೆ.

ಕಾರಣವೋ, ಕುರುಹೋ?

ಕಚ್ಚುಬಲ ಇಳಿದದ್ದರಿಂದ ನೆನಪು ಕುಂದಿತೇ, ನೆನಪು ಕುಂದಿದ್ದರಿಂದ ಹಲ್ಲಿನ ಆರೈಕೆ ತಪ್ಪಿ ಬಲ ಇಳಿಯಿತೇ, ಎರಡನ್ನೂ ಮೂರನೆಯದೊಂದು ಕೆಡಿಸಿತೇ? ಮೂರಕ್ಕೂ ಆಧಾರಗಳಿವೆ. ಮರೆವು ಹತ್ತಿದವರು ಹಲ್ಲುಜ್ಜುವುದನ್ನೇ ಮರೆಯುತ್ತಾರೆ. ಬಾಲ್ಯದ ಬಡತನ, ಓದಿನ ಕೊರತೆ, ತಂಬಾಕು, ಸಕ್ಕರೆ ಕಾಯಿಲೆ ಇವು ಹಲ್ಲನ್ನೂ ಮಿದುಳನ್ನೂ ಒಟ್ಟಿಗೇ ಬಾಧಿಸುತ್ತವೆ. ಮೈಯೆಲ್ಲ ಸ್ನಾಯು ಕರಗುವಾಗ ದವಡೆಯದೂ ಕರಗುತ್ತದೆ. ವಸಡಿನ ಉರಿಯೂತ ರಕ್ತದ ಮೂಲಕ ಮಿದುಳಿಗೆ ಹಾನಿ ಮಾಡುತ್ತದೆಂಬ ವಾದವೂ ಇದೆ. ವಸಡುರೋಗದ ಒಂದು ಬ್ಯಾಕ್ಟೀರಿಯಾದ ಕುರುಹುಗಳು ಆಲ್‌ಜೈಮರ್ ರೋಗಿಗಳ ಮಿದುಳಿನಲ್ಲಿ ಸಿಕ್ಕವೆಂದು 2019ರಲ್ಲಿ ವರದಿಯಾದಾಗ ದೊಡ್ಡ ಭರವಸೆ ಹುಟ್ಟಿತ್ತು. ಆ ಬ್ಯಾಕ್ಟೀರಿಯಾದ ಕಿಣ್ವವನ್ನು ತಡೆಯುವ ಔಷಧದ ಪ್ರಯೋಗ 2021ರಲ್ಲಿ ತನ್ನ ಮುಖ್ಯ ಗುರಿಗಳನ್ನು ಮುಟ್ಟಲಿಲ್ಲ. ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿಮಾಡಿದ ಮರೆಗುಳಿತನದ 14 ತಡೆಯಬಲ್ಲ ಕಾರಣಗಳಲ್ಲಿ ಹಲ್ಲು ಸೇರಿಲ್ಲ.

ಹೀಗಾಗಿ ‘ಹಲ್ಲು ಕಟ್ಟಿಸಿದರೆ ಮರೆವು ಬಾರದು’ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು ಭರವಸೆ. ಆದರೆ ಜ್ವರಮಾಪಕ ಜ್ವರಕ್ಕೆ ಕಾರಣವಲ್ಲದಿದ್ದರೂ ಅದನ್ನು ಯಾರೂ ಎಸೆಯುವುದಿಲ್ಲ. ಇಳಿದ ಕಚ್ಚುಬಲ ಕಡೆಪಕ್ಷ ‘ಈ ಹೆಂಗಸಿನ ಊಟ, ನಡಿಗೆ, ಮನಸ್ಸು ಮೂರನ್ನೂ ಒಮ್ಮೆ ವಿಚಾರಿಸಿ’ ಎಂಬ ಸೂಚನೆಯನ್ನಂತೂ ಕೊಡುತ್ತದೆ. ಚೆನ್ನಾಗಿ ಜಗಿದು ಉಣ್ಣುವ ಸುಖಕ್ಕೆ ಬೇರೆ ಸಮರ್ಥನೆ ಬೇಕಿಲ್ಲ ಎಂಬುದನ್ನೂ ಮರೆಯಬಾರದು.

ಜಪಾನ್ ಹಿಡಿದ ದಾರಿ

80ನೆಯ ವಯಸ್ಸಿನಲ್ಲೂ 20 ಸ್ವಂತ ಹಲ್ಲು ಉಳಿಸಿಕೊಳ್ಳಿ ಎಂಬ ‘8020’ ಆಂದೋಲನವನ್ನು ಜಪಾನಿನ ಆರೋಗ್ಯ ಸಚಿವಾಲಯ ಮತ್ತು ದಂತವೈದ್ಯರ ಸಂಘ 1989ರಲ್ಲಿ ಆರಂಭಿಸಿದವು. ಆಗ ಹತ್ತರಲ್ಲಿ ಒಬ್ಬರಿಗೂ ಸಿಗದಿದ್ದ ಈ ಗುರಿಯನ್ನು 2016ರ ರಾಷ್ಟ್ರೀಯ ಸಮೀಕ್ಷೆಯ ವೇಳೆಗೆ ಅರ್ಧಕ್ಕಿಂತ ಹೆಚ್ಚು ಮಂದಿ ತಲುಪಿದ್ದರು. ಹಲ್ಲು ಉದುರುವುದು ವಯಸ್ಸಿನ ಹಣೆಬರಹವಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಜಪಾನಿನ ವೃದ್ಧದಂತವೈದ್ಯ ಸಂಘ 2016ರಲ್ಲಿ ‘ಬಾಯಿಯ ಕ್ಷಮತೆಯ ಕುಂದು’ ಎಂಬ ರೋಗನಿರ್ಣಯಕ್ಕೆ ಏಳು ಅಳತೆಗಳನ್ನು ನಿಗದಿಮಾಡಿತು: ಬಾಯಿಯ ಸ್ವಚ್ಛತೆ, ಒಣಗುವಿಕೆ, ಕಚ್ಚುಬಲ, ನಾಲಿಗೆ–ತುಟಿಗಳ ಚುರುಕು, ನಾಲಿಗೆಯ ಒತ್ತಡ, ಜಗಿಯುವ ಸಾಮರ್ಥ್ಯ, ನುಂಗುವಿಕೆ. ಮೂರು ಅಥವಾ ಹೆಚ್ಚು ಕೆಟ್ಟಿದ್ದರೆ ಚಿಕಿತ್ಸೆ ಬೇಕು. ಕಚ್ಚುಬಲದ ಮಿತಿ ಹಳೆಯ ಬಗೆಯ ಹಾಳೆಯಲ್ಲಿ 200 ನ್ಯೂಟನ್, ಹೊಸ ಬಗೆಯಲ್ಲಿ 500. ಉಪಕರಣವಿಲ್ಲದಿದ್ದರೆ 20ಕ್ಕಿಂತ ಕಡಿಮೆ ಹಲ್ಲು. 2018ರಿಂದ ಇದಕ್ಕೆ ಅಲ್ಲಿನ ಆರೋಗ್ಯ ವಿಮೆಯೂ ಸಿಗುತ್ತದೆ. ನಾಲಿಗೆಯ ಚುರುಕನ್ನು ‘ಪ’, ‘ತ’, ‘ಕ’ ಅಕ್ಷರಗಳನ್ನು ವೇಗವಾಗಿ ಹೇಳಿಸಿ ನೋಡುತ್ತಾರೆ. ಸೆಕೆಂಡಿಗೆ ಆರಕ್ಕಿಂತ ಕಡಿಮೆಯಾದರೆ ಕುಂದು. ಕನ್ನಡ ಅಕ್ಷರಮಾಲೆ ಕಲಿತವರಿಗೆ ಇದರ ಮರ್ಮ ಗೊತ್ತು: ‘ಪ’ ತುಟಿಯದು, ‘ತ’ ನಾಲಿಗೆಯ ತುದಿಯದು, ‘ಕ’ ನಾಲಿಗೆಯ ಬುಡದ್ದು.

ಉಪಕರಣವೇ ಬೇಡದ ಐದು ಪ್ರಶ್ನೆಗಳ ಪಟ್ಟಿಯನ್ನು ಜಪಾನಿನ ಮೂರು ವೈದ್ಯಕೀಯ ಸಂಘಗಳು 2024ರಲ್ಲಿ ಹೊರತಂದವು. ಹಲ್ಲು 20ಕ್ಕಿಂತ ಕಡಿಮೆಯೇ, ಗಟ್ಟಿ ಪದಾರ್ಥ ಜಗಿಯಲು ಕಷ್ಟವೇ, ಚಹಾ ಅಥವಾ ಸಾರು ಕುಡಿಯುವಾಗ ಕೆಮ್ಮು ಬರುವುದೇ, ಬಾಯಿ ಒಣಗುವುದೇ, ಮಾತು ಸ್ಪಷ್ಟವಾಗಿ ಆಡಲು ತೊಡಕಾಗುವುದೇ ಎಂಬವು ಅವು. ಎರಡಕ್ಕೆ ಅಥವಾ ಹೆಚ್ಚಿನವಕ್ಕೆ ಹೌದೆಂದರೆ ಬಾಯಿ ದುರ್ಬಲವಾಗಿದೆ ಎಂದು ತಿಳಿಯಬೇಕು.

ಬಲವನ್ನು ಮರಳಿ ಪಡೆಯುವುದು

ಕಳೆದ ಹಲ್ಲಿನ ಜಾಗ ತುಂಬುವುದು ಮೊದಲ ಹೆಜ್ಜೆ. ದವಡೆಯ ಮೂಳೆಗೆ ಇಂಪ್ಲಾಂಟ್ ಕೂರಿಸಿ ಅದಕ್ಕೆ ಸೆಟ್ಟನ್ನು ಸಿಕ್ಕಿಸಿದರೆ ಬರಿ ವಸಡಿನ ಮೇಲೆ ಕೂರುವ ಸೆಟ್ಟಿಗಿಂತ ಹೆಚ್ಚು ಬಲ ಬರುತ್ತದೆ, ಖರ್ಚೂ ಹೆಚ್ಚು. ಸಡಿಲವಾದ ಹಳೆಯ ಸೆಟ್ಟಿಗೆ ಒಳಪದರ ಹಾಕಿಸಿ ಬಿಗಿಮಾಡಬಹುದು. ಹಲ್ಲು ಕಟ್ಟಿಸಿದ ಮಾತ್ರಕ್ಕೆ ಊಟ ಸುಧಾರಿಸುವುದಿಲ್ಲ ಎಂಬುದು ಸಂಶೋಧನೆಗಳು ಮತ್ತೆಮತ್ತೆ ಕಂಡ ಸತ್ಯ. ವರ್ಷಗಟ್ಟಲೆ ಮೆತ್ತನೆಯದನ್ನು ಉಂಡು ಒಗ್ಗಿದವರು ಹೊಸ ಹಲ್ಲಿನಲ್ಲೂ ಅದನ್ನೇ ಉಣ್ಣುತ್ತಾರೆ. ಹಲ್ಲಿನ ಜೊತೆಗೆ ಆಹಾರದ ತಿಳುವಳಿಕೆಯನ್ನೂ ಕೊಟ್ಟಾಗ ಫಲ ಹೆಚ್ಚು. ಬೇಯಿಸಿ ಹಿಚುಕಿದ ಕಾಳು, ತುರಿದ ತರಕಾರಿ, ಮೊಟ್ಟೆ, ಪನೀರ್ ಇವುಗಳಿಂದ ಶುರುಮಾಡಿ ನಿಧಾನವಾಗಿ ಗಟ್ಟಿಗೆ ಏರಬೇಕು.

ದವಡೆಯ ಸ್ನಾಯುವಿಗೂ ತಾಲೀಮು ಮಾಡಿಸಬಹುದು. ಸಕ್ಕರೆಯಿಲ್ಲದ ಗಮ್ ಜಗಿಯುವುದು, ಹಲ್ಲು ಬಿಗಿದು ಸಡಿಲಿಸುವುದು, ನಾಲಿಗೆಯನ್ನು ಅಂಗುಳಕ್ಕೆ ಒತ್ತುವುದು ಇವುಗಳಿಂದ ಕೆಲವು ವಾರಗಳಲ್ಲಿ ಬಾಯಿಯ ಬಲ ಏರಿದ್ದು ಸಣ್ಣ ಪ್ರಯೋಗಗಳಲ್ಲಿ ಕಂಡಿದೆ. ದವಡೆಕೀಲು ನೋಯುವವರು, ಹಲ್ಲು ಅಲ್ಲಾಡುವವರು ವೈದ್ಯರನ್ನು ಕೇಳಿಯೇ ಇದನ್ನು ಮಾಡಬೇಕು.

ಕರ್ನಾಟಕದಲ್ಲಿ

ಭಾರತದಲ್ಲಿ 60 ದಾಟಿದವರಲ್ಲಿ 7.4 ಶೇಕಡಾ ಮಂದಿಗೆ ಮರೆಗುಳಿತನ ಇದೆಯೆಂದು ರಾಷ್ಟ್ರೀಯ ಮಟ್ಟದ ಅಧ್ಯಯನವೊಂದು ಅಂದಾಜಿಸಿದೆ. ಪ್ರಮಾಣ ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 45 ದಾಟಿದವರ ಅರಿವು ಮತ್ತು ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುತ್ತಿದೆ. ಮುದ್ದೆ ಉಣ್ಣುವ ಸೀಮೆಯ ಹೆಂಗಸರ ಮುಪ್ಪನ್ನು ಇಷ್ಟು ಹತ್ತಿರದಿಂದ ನೋಡುವ ಕೆಲಸ ನಮ್ಮಲ್ಲಿ ಅಪರೂಪ. ಇಂಥ ಅಧ್ಯಯನಗಳಲ್ಲಿ ಕೈಯ ಹಿಡಿತದ ಪಕ್ಕದಲ್ಲೇ ಕಚ್ಚುಬಲಕ್ಕೂ ಒಂದು ಸಾಲು ಇದ್ದರೆ ಜಪಾನಿನ ಸಂಖ್ಯೆಗಳನ್ನು ಎರವಲು ತರುವ ಅಗತ್ಯ ತಪ್ಪುತ್ತದೆ.

ಬಡತನದ ರೇಖೆಗಿಂತ ಕೆಳಗಿನ ಹಿರಿಯರಿಗೆ ದಂತವೈದ್ಯ ಕಾಲೇಜುಗಳ ಮೂಲಕ ಉಚಿತ ಹಲ್ಲುಸೆಟ್ಟು ಕೊಡುವ ‘ದಂತ ಭಾಗ್ಯ’ ಯೋಜನೆಯನ್ನು ಕರ್ನಾಟಕ ಸರ್ಕಾರ ತಂದಿತು. ಸೆಟ್ಟು ಒಂದೇ ದಿನದಲ್ಲಿ ಆಗುವುದಲ್ಲ. ಅಳತೆ, ಮೇಣದ ಮೇಲೆ ಜೋಡಣೆ, ತಿದ್ದುಪಡಿ ಎಂದು ಹಲವು ಸಲ ಹೋಗಬೇಕು. ಒಬ್ಬಳೇ ಬಸ್ಸು ಹತ್ತಲಾಗದ ಅಜ್ಜಿಯೊಡನೆ ಪ್ರತಿ ಸಲವೂ ಮನೆಯವರೊಬ್ಬರು ಹೋಗುವಂತಾದರೆ ಮಾತ್ರ ಅದು ಬಾಯಿಗೆ ಬಂದು ಕೂರುತ್ತದೆ.

ಎಲೆಅಡಿಕೆ, ಹೊಗೆಸೊಪ್ಪಿನ ಚಟ ಇನ್ನೊಂದು ಮುಖ. ಅಡಿಕೆ ಹಲ್ಲನ್ನು ಸವೆಸುತ್ತದೆ. ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯದಂತಾಗುವ ರೋಗಕ್ಕೂ ಅದೇ ಮೂಲ. ಅಡಿಕೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ.

ಹಲ್ಲು ಹೋದ ಅಜ್ಜಿಯರು ಜಗಲಿಯ ಮೂಲೆಯಲ್ಲಿ ಪುಟ್ಟ ಕುಟ್ಟಾಣಿ ಇಟ್ಟುಕೊಂಡು, ಎಲೆ, ಅಡಿಕೆ, ಸುಣ್ಣ ಹಾಕಿ ಟಕಟಕ ಕುಟ್ಟುವ ಸದ್ದು ನಮ್ಮ ಹಳ್ಳಿಮನೆಗಳಿಗೆ ಹೊಸದಲ್ಲ. ದವಡೆ ಮಾಡಬೇಕಿದ್ದ ಕೆಲಸವನ್ನು ಆ ಕೈ ಮಾಡುತ್ತಿರುತ್ತದೆ. ಬಲ ಕಳೆದುಕೊಂಡ ಬಾಯಿ ತನಗೆ ಬೇಕಾದ ರುಚಿಯನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ ಎಂಬುದನ್ನು ಆ ಸದ್ದು ಹೇಳುತ್ತದೆ. ಆ ಸದ್ದು ಕೇಳಿದ ಮನೆಯವರು, ಮುಂದಿನ ಸಲ ಅವರನ್ನು ಸಕ್ಕರೆಯದೋ ರಕ್ತದೊತ್ತಡದ್ದೋ ತಪಾಸಣೆಗೆ ಕರೆದೊಯ್ಯುವಾಗ, ‘ಬಾಯಿಯನ್ನೂ ಒಮ್ಮೆ ನೋಡಿ’ ಎಂದು ವೈದ್ಯರನ್ನು ಕೇಳಬೇಕು.